ಬೀಪ್ ಹಾಕ್ರಿ, ಮಾನ ಉಳಿಸ್ರಿ

ರಾಜಕೀಯ ನಾಯಕರೊಬ್ಬರು ಮೈಕ್ ಹಿಡಿದು ಬೈದ ಆ ವಿಡಿಯೋ ನೀವೂ ನೋಡಿರ್ತೀರಿ, ಬಿಡಿ. ನಾನು ನೋಡಿದ್ದು ಬೆಳಗಾವಿಯ ಒಂದು ಚಹಾದಂಗಡಿಯ ಟಿವಿಯಲ್ಲಿ. ನಾಯಕರು ಮೈಕ್ ಮುಂದೆ ಗುಡುಗುತ್ತಿದ್ದರು. ‘ಅವನ ಕೈಕಾಲು ಮುರೀತೀನಿ’ ಅಂದರು. ಚೆನ್ನಾಗಿ ಕೇಳಿಸಿತು. ‘ಊರು ಬಿಡಿಸ್ತೀನಿ’ ಅಂದರು. ಅದೂ ಕೇಳಿಸಿತು. ಆಮೇಲೆ ‘ಆ ಕೂಂಂಂ ಮಗನ್ನ...’ ಅಲ್ಲಿ ಬಿತ್ತು ನೋಡಿ ಬೀಪು! ಕೈಕಾಲು ಮುರಿಯುವುದು ಮನೆಮಂದಿಯೆಲ್ಲ ಕೂತು ಕೇಳಬಹುದಾದ ಮಾತು, ಬೈಗುಳ ಮಾತ್ರ ಮಕ್ಕಳ ಕಿವಿಗೆ ಬೀಳಬಾರದು. ಎಂಥ ಸಂಸ್ಕಾರ!

ಚಹಾ ಸೋಸುತ್ತಿದ್ದ ಕಾಕಾ ಅಂದರು, ‘ಅಲ್ರೀ, ಬೈದಿದ್ರ ಒಂದ್ ಬೈಗುಳ ಆಗ್ತಿತ್ತು. ಬೀಪ್ ಹಾಕಿದ್ರು, ಇಲ್ಲಿ ಕುಂತ ಹತ್ತು ಮಂದಿ ಹತ್ತು ಬೈಗುಳ ತುಂಬ್ಕೊಂಡ್ರು.’

ಈ ಬೀಪು ಸಾಮಾನ್ಯವಾಗಿ 1000 ಹರ್ಟ್ಸ್‌ನ ಒಂದೇ ನಾದ. ಗಮಕ ಇಲ್ಲ, ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ಇಲ್ಲ. 1924ರಲ್ಲಿ ಹಿಂದೂಸ್ತಾನಿ ಗಾಯಕ ಕುಮಾರ ಗಂಧರ್ವರು ಹುಟ್ಟಿದ ಸುಳೇಭಾವಿ ಇರುವುದು ನಮ್ಮ ಜಿಲ್ಲೆಯಲ್ಲೇ. ಅಂಥ ಜಿಲ್ಲೆಯಲ್ಲಿ ಈಗ ಅಲುಗಾಡದೆ ಸ್ವರ ಹಿಡಿಯುವುದು ನ್ಯೂಸ್ ಚಾನೆಲ್ ಒಂದೇ. 1957ರಲ್ಲಿ ಮೊದಲ ಕೃತಕ ಉಪಗ್ರಹ ಸ್ಪುಟ್ನಿಕ್ ಆಕಾಶದಿಂದ ಬೀಪ್ ಬೀಪ್ ಅಂದಾಗ ಜನ ರೇಡಿಯೋಗೆ ಕಿವಿ ಹಚ್ಚಿ ಕೂತಿದ್ದರಂತೆ. ಆಗ ಬೀಪೇ ಸುದ್ದಿ. ಈಗ ಸುದ್ದಿಯ ಮೇಲೆ ಬಳಿಯುವ ಡಾಂಬರು.

ನಮ್ಮ ಕಡೆ ಈ ಬೀಪ್ ಹಾಕುವ ಯಂತ್ರ ಬಾಳಿಕೆ ಬರುವುದೂ ಕಷ್ಟ. ಇಬ್ಬರು ಗೆಳೆಯರು ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರು ಅನ್ನಿ. ‘ಯಾಕಲೇ ಮಗನ, ಸತ್ತಿ ಅಂತ ಮಾಡಿದ್ದೆ!’ ಇದು ಕ್ಷೇಮ ಸಮಾಚಾರ. ಮುಂದಿನ ಮೂರು ವಾಕ್ಯ ಇಲ್ಲಿ ಬರೆಯುವಂಥವಲ್ಲ, ಆದರೆ ಪ್ರೀತಿ ಇರುವುದೆಲ್ಲ ಅವುಗಳಲ್ಲೇ. ಅವಕ್ಕೆ ಬೀಪ್ ಹಾಕಿದರೆ ಕೊನೆಗೆ ಉಳಿಯುವುದು ‘ಚಹಾ ಕುಡಿಯೋಣ ಬಾ’ ಅಷ್ಟೇ. ಇನ್ನು ಬಾಗಲಕೋಟೆಯ ಹೋಳಿ ಹಲಗಿ ಮುಂದೆ ನಿಂತು ನೋಡಿ. ಅಂಗೈಯಿಂದ ಬಾಯಿ ಬಡಿದುಕೊಂಡು ‘ಲಬೋ ಲಬೋ’ ಅಂತಾರಲ್ಲ, ಅದು ನಮ್ಮವರು ತಮಗೆ ತಾವೇ ಹಾಕಿಕೊಳ್ಳುವ ಬೀಪು. ಕರೆಂಟೂ ಬೇಡ, ಸೆನ್ಸಾರೂ ಬೇಡ.

ಅದೇ ದಿನ ಸಂಜೆ ರೇಷನ್ ಅಂಗಡಿಯ ಸಾಲಿನಲ್ಲಿದ್ದೆ. ನನ್ನ ಮುಂದೆ ಒಬ್ಬ ಆಯಿ. ಯಂತ್ರದ ಮೇಲೆ ಹೆಬ್ಬೆಟ್ಟು ಇಟ್ಟಳು. ಬೀಪ್. ಸೆರಗಿಗೆ ಒರೆಸಿಕೊಂಡು ಮತ್ತೆ ಇಟ್ಟಳು. ಬೀಪ್. ಉಗುಳು ಹಚ್ಚಿ ಇಟ್ಟಳು. ಬೀಪ್. ಜೀವಮಾನವೆಲ್ಲ ರೊಟ್ಟಿ ಬಡಿದ ಕೈಯಲ್ಲಿ ಗೆರೆ ಎಲ್ಲಿಂದ ಉಳಿಯಬೇಕು? ‘ಥಂಬ್ ಬರವಲ್ದು, ನಾಳೆ ಬಾ ಆಯಿ’ ಅಂದ ಅಂಗಡಿಯವ. ನಿನ್ನೆಯೂ ಅದನ್ನೇ ಹೇಳಿದ್ದನಂತೆ.

ಈ ಬೀಪಿನ ಮೇಲೆ ಚರ್ಚೆ ಇಲ್ಲ. ನಾಲ್ಕು ಕಿಟಕಿಗಳಲ್ಲಿ ನಾಲ್ಕು ಜನ ಕೂತು ಕೂಗಾಡುವುದಿಲ್ಲ. ಸಭ್ಯತೆಗೆ ಇದರಿಂದ ಏನೂ ಧಕ್ಕೆ ಇಲ್ಲ, ಅಲ್ವಾ? ತಮಾಷೆ ಮಾಡಿ ಮಾಡಿ ನನಗೂ ಸಾಕಾಗಿದೆ. ಅಕ್ಕಿ ಕೊಡ್ರಿ ಆಕೆಗೆ, ಸುಮ್ನೆ.

ಆಯಿ ಖಾಲಿ ಚೀಲ ಮಡಚಿ ಕಂಕುಳಲ್ಲಿ ಇಟ್ಟುಕೊಂಡಳು. ಆಮೇಲೆ ಯಂತ್ರಕ್ಕೆ, ಅದನ್ನು ತಂದವರಿಗೆ, ಅವರನ್ನು ಗೆಲ್ಲಿಸಿದ ನಮಗೆ ಸೇರಿಸಿಯೇ ಬೈದಳು. ಪೂರ್ತಿ ಎರಡು ನಿಮಿಷ. ಒಂದು ಬೈಗುಳವೂ ಎರಡನೇ ಸಲ ಬರಲಿಲ್ಲ. ಇಲ್ಲಿ ಬರೆದೇ ಬಿಡುತ್ತಿದ್ದೆ. ಆದರೆ ಪತ್ರಿಕೆಯವರ ಹತ್ತಿರ ಚುಕ್ಕಿಗಳಿವೆಯಲ್ಲ.