ಹಳದಿ ಯಕೃತ್ತಿನ ಮೀನು ವಿಷವೇ? – ಸತ್ಯಾಂಶ

"ಸೂಳೆಕೆರೆ ಮೀನಿನ ಯಕೃತ್ತು ಕಡುಗೆಂಪು, ಹೊಂಡದಲ್ಲಿ ಸಾಕಿದ ಮೀನಿನದು ಹಳದಿ, ಹಳದಿ ಕಂಡರೆ ರಾಸಾಯನಿಕ ಸೇರಿದೆಯೆಂದು ತಿಳಿಯಿರಿ" ಎಂಬ ಸಂದೇಶ ದಾವಣಗೆರೆಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಬಣ್ಣದ ವ್ಯತ್ಯಾಸ ಎಷ್ಟೋ ಸಲ ನಿಜ. ಅದರಿಂದ ತೆಗೆದ ತೀರ್ಮಾನ ತಪ್ಪು.

ಹಿಂಡಿ, ತೌಡು, ಗುಳಿಗೆ ಆಹಾರವನ್ನು ದಿನವೂ ಹೊಟ್ಟೆ ತುಂಬ ತಿನ್ನುವ ಮೀನು ಖರ್ಚಾಗದ ಶಕ್ತಿಯನ್ನು ಕೊಬ್ಬು ಮತ್ತು ಗ್ಲೈಕೋಜನ್ (ದೇಹ ಕೂಡಿಟ್ಟುಕೊಳ್ಳುವ ಸಕ್ಕರೆಯ ರೂಪ) ಆಗಿ ಯಕೃತ್ತಿನಲ್ಲಿ ಕೂಡಿಡುವುದರಿಂದ ಅದು ಮಸುಕಾಗಿ ಹಳದಿ ಛಾಯೆಗೆ ತಿರುಗುತ್ತದೆ. ಕೆರೆಯ ಮೀನಿನಲ್ಲಿಯೂ ಮೇವು, ಋತು, ಮೊಟ್ಟೆ ಕಟ್ಟುವ ಕಾಲಕ್ಕೆ ತಕ್ಕಂತೆ ಬಣ್ಣ ಬದಲಾಗುತ್ತದೆ. ಅತಿಯಾದ ಕೊಬ್ಬು ಮೀನಿಗೆ ಕೆಡುಕೇ ಹೊರತು ವಿಷದ ಗುರುತಲ್ಲ. ಇನ್ನು ಕಡುಗೆಂಪು ಯಕೃತ್ತಿನಲ್ಲಿ ಸೀಸ, ಪಾದರಸದಂಥ ಭಾರಲೋಹ ಇದ್ದರೂ ಬರಿಗಣ್ಣಿಗೆ ಕಾಣುವುದಿಲ್ಲ.

ದೇಹಕ್ಕೆ ಹೋಲಿಸಿದರೆ ಯಕೃತ್ತು ಎಷ್ಟು ದೊಡ್ಡದೆಂದು ತಿಳಿಯಲು ಪರೀಕ್ಷಕರು ಅದರ ತೂಕವನ್ನು ಮೀನಿನ ತೂಕದಿಂದ ಭಾಗಿಸಿ 100ರಿಂದ ಗುಣಿಸಿ ನೋಡುವುದುಂಟು. ಆದರೆ ನಮ್ಮಲ್ಲಿ ಹೆಚ್ಚಾಗಿ ಸಾಕುವ ಕಾಟ್ಲಾ, ರೋಹುಗಳಂಥ ಗೆಂಡೆ ಜಾತಿಯಲ್ಲಿ ಯಕೃತ್ತು ಒಂದೇ ಮುದ್ದೆಯಾಗಿರದೆ, ಮೇದೋಜೀರಕ ಗ್ರಂಥಿಯೊಡನೆ ಬೆರೆತು ಕರುಳಿನ ಸುರುಳಿಗಳ ನಡುವೆ ಹರಡಿರುವುದರಿಂದ ಬಿಡಿಸಿ ತೂಗುವುದೇ ಕಷ್ಟ. ಕೊಳೆಯದಂತೆ ಕಾಪಾಡುವ ಫಾರ್ಮಲಿನ್ ದ್ರಾವಣದಲ್ಲಿಟ್ಟ ಯಕೃತ್ತಿನ ತುಣುಕನ್ನು ತೆಳುವಾಗಿ ಕೊಯ್ದು, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗಲೇ ಕೊಬ್ಬಿನ ಗುಳ್ಳೆ, ಸತ್ತ ಜೀವಕೋಶ, ಗಡ್ಡೆಗಳು ತಿಳಿಯುತ್ತವೆ. ರಾಸಾಯನಿಕದ ಪ್ರಮಾಣಕ್ಕೆ ಪ್ರಯೋಗಾಲಯದ ಬೇರೆಯದೇ ಪರೀಕ್ಷೆ ಬೇಕು.

ನಿಜಕ್ಕೂ ಎಚ್ಚರ ಬೇಕಾದದ್ದು ಪಕ್ಕದಲ್ಲೇ ಇರುವ ಹಸಿರು ಪಿತ್ತಕೋಶದ ಬಗ್ಗೆ. ಗೆಂಡೆ ಜಾತಿಯ ಮೀನಿನ ಪಿತ್ತಕೋಶವನ್ನು ಔಷಧಿಯೆಂದು ನುಂಗಿ ಮೂತ್ರಪಿಂಡ ಕೆಡಿಸಿಕೊಂಡ ಪ್ರಕರಣಗಳು ಭಾರತದಲ್ಲಿಯೇ ದಾಖಲಾಗಿವೆ; ಬೇಯಿಸಿದರೂ ಅದರ ವಿಷ ಹೋಗುವುದಿಲ್ಲ.