ವಾಪಸ್ ಕರೆ ಮಾಡಿದರೆ ಫೋನಿನಲ್ಲಿರುವುದೆಲ್ಲ ಕಾಪಿ ಆಗುತ್ತಾ?

+375, +371ರಿಂದ ಶುರುವಾಗುವ ನಂಬರಿನಿಂದ ಬಂದ ಮಿಸ್ಡ್ ಕಾಲ್‌ಗೆ ವಾಪಸ್ ಮಾಡಿದರೆ 3 ಸೆಕೆಂಡಿನಲ್ಲಿ ಕಾಂಟ್ಯಾಕ್ಟ್ಸ್, ಬ್ಯಾಂಕ್ ವಿವರ ಎಲ್ಲ ಕದೀತಾರೆ ಅನ್ನುವ ಸಂದೇಶ ವರ್ಷಗಳಿಂದ ಸುತ್ತುತ್ತಿದೆ. ಇದು ನಿಜವಲ್ಲ. ಮಾಮೂಲಿ ಕರೆಯಲ್ಲಿ ಹೋಗುವುದು ನಿಮ್ಮ ದನಿ, ನಿಮ್ಮ ನಂಬರ್ ಮಾತ್ರ. ಫೋನಿನೊಳಗೆ ಸೇವ್ ಮಾಡಿರುವ ನಂಬರುಗಳು, ಬ್ಯಾಂಕ್ ವಿವರ ಅದರ ಜೊತೆ ಹೋಗುವುದಿಲ್ಲ.

ನಷ್ಟ ಇರುವುದು ಬೇರೆ ಕಡೆ. +375 ಬೆಲಾರಸ್‌ನ ಕೋಡ್, +371 ಲಾಟ್ವಿಯಾದ್ದು. ವಾಪಸ್ ಮಾಡಿದರೆ ಐಎಸ್‌ಡಿ (ವಿದೇಶಿ ಕರೆಯ) ದರ ಬೀಳುತ್ತದೆ, ಅದರಲ್ಲೊಂದು ಪಾಲು ವಂಚಕರಿಗೆ. ಅದಕ್ಕೇ ಒಂದೇ ರಿಂಗ್ ಕೊಟ್ಟು ಕಟ್ ಮಾಡುವುದು.

ಇಂಥದ್ದನ್ನು ಹಂಚುವವರು ಕಾಳಜಿಯಿಂದಲೇ ಹಂಚುತ್ತಾರೆ, ಅಲ್ವಾ? ಕಳಿಸುವ ಮುಂಚೆ ಕೋಡ್ ಯಾವ ದೇಶದ್ದು ಅಂತ ಹುಡುಕಿ. ಸಂದೇಶದ ಒಂದು ಸಾಲನ್ನೂ ಸರ್ಚ್‌ನಲ್ಲಿ ಹಾಕಿ ನೋಡಿ. ಅದೇ ಸಾಲು ಹಳೇ ವರ್ಷಗಳಲ್ಲೂ ಸಿಗುತ್ತದೆ.

ನಮ್ಮಲ್ಲಿನ ಮಾರ್ಕೆಟಿಂಗ್ ಕರೆಗಳ ಕಾಟ ಜಾಸ್ತಿಯಾದರೆ 1909ಕ್ಕೆ ಕರೆ ಮಾಡಿ ಡಿಎನ್‌ಡಿ (ಇಂಥ ಕರೆ ಬೇಡ ಅನ್ನುವ ನೋಂದಣಿ) ಹಾಕಿಸಿ. ಬ್ಯಾಂಕ್ ಒಟಿಪಿ ನಿಲ್ಲುವುದಿಲ್ಲ.