ಸತ್ಯಾಂಶ: ಚೆಂಡು ಹಿಡಿದರೆ ಕಾಲೇಜು ಪುಕ್ಕಟೆಯೇ?

‘ಅಮೆರಿಕದಲ್ಲಿ ಕಪ್ಪು ವರ್ಣೀಯ ಹುಡುಗರು ಚೆಂಡು ಹಿಡಿದರೆ ಸಾಕು, ಯಾವ ಕಾಲೇಜಾದರೂ ಫೀಸಿಲ್ಲದೆ ಸೇರಿಸಿಕೊಳ್ಳುತ್ತದೆ’ ಎಂಬ ವಾಟ್ಸಾಪ್ ಸಂದೇಶ ಗುಂಪಿನಿಂದ ಗುಂಪಿಗೆ ಓಡಾಡುತ್ತಿದೆ. ಇದು ನಿಜವಲ್ಲ.

ಅಲ್ಲಿನ ಕಾಲೇಜು ಕ್ರೀಡಾ ಸಂಸ್ಥೆ ಎನ್‌ಸಿಎಎ 1973ರಲ್ಲಿ ಮೂರು ವಿಭಾಗಗಳಾಯಿತು. ಕಾಲೇಜುಗಳ ಲೆಕ್ಕದಲ್ಲಿ ಎಲ್ಲಕ್ಕಿಂತ ದೊಡ್ಡದು ಮೂರನೆಯ ವಿಭಾಗ. ಆಮ್‌ಹರ್ಸ್ಟ್, ವಿಲಿಯಮ್ಸ್, ಗ್ರಿನೆಲ್‌ನಂಥ ಸಣ್ಣ ಕಾಲೇಜುಗಳೆಲ್ಲ ಇರುವುದು ಇದರಲ್ಲೇ. ಇಲ್ಲಿ ಆಟಕ್ಕೆಂದು ಒಂದು ಡಾಲರ್ ವಿದ್ಯಾರ್ಥಿವೇತನವನ್ನೂ ಕೊಡುವಂತಿಲ್ಲ. ನೆರವು ಸಿಗುವುದು ಮನೆಯ ಆದಾಯ ಅಥವಾ ಓದು ನೋಡಿ. ಮೈಬಣ್ಣ ಯಾವುದಾದರೂ ನಿಯಮ ಒಂದೇ. ಸಂಜೆ ಮೈದಾನದಲ್ಲಿ ಬೆವರು ಹರಿಸಿ, ರಾತ್ರಿ ಲೈಬ್ರರಿ ಕೌಂಟರಿನಲ್ಲಿ ಕೂತು ಖರ್ಚಿಗೆ ದುಡಿಯುವವರೂ ಇದ್ದಾರೆ. ಅಂಥವರಿಗೂ ‘ನೀನು ಆಟದ ಕೋಟಾದಲ್ಲಿ ಬಂದವನಾ?’ ಎಂಬ ಪ್ರಶ್ನೆ ತಪ್ಪುವುದಿಲ್ಲ. ಅದು ನೋಯಿಸುತ್ತದೆ.

ಈ ನೋವು ಹಳೆಯದು. ಗಾಯಕ, ನಟನೆಂದು ಮುಂದೆ ಜಗತ್ತೇ ಗುರುತಿಸಿದ ಕಪ್ಪು ವರ್ಣೀಯ ಪಾಲ್ ರೋಬ್ಸನ್ 1915ರಲ್ಲಿ ರಟ್ಗರ್ಸ್ ಸೇರಿದರು. ಆಗ ಅದು ಪುಟ್ಟ ಕಾಲೇಜು. ಅವರು ಸೇರಿದ್ದು ಫುಟ್‌ಬಾಲ್‌ನಿಂದಲ್ಲ, ಸ್ಪರ್ಧಾ ಪರೀಕ್ಷೆ ಬರೆದು ಗೆದ್ದ ವಿದ್ಯಾರ್ಥಿವೇತನದಿಂದ. ಅಭ್ಯಾಸಕ್ಕೆ ಇಳಿದಾಗ ಸ್ವಂತ ತಂಡದವರೇ ಅವರ ಮೂಗು ಮುರಿದರು. ಒಬ್ಬ ಮೊಳೆ ಬೂಟಿನಿಂದ ಕೈ ತುಳಿದ. ಮರುವರ್ಷ, ಕಪ್ಪು ಆಟಗಾರನಿದ್ದರೆ ತಾವು ಆಡುವುದಿಲ್ಲವೆಂದು ಎದುರಾಳಿಯಾದ ವಾಷಿಂಗ್ಟನ್ ಆ್ಯಂಡ್ ಲೀ ವಿಶ್ವವಿದ್ಯಾಲಯದ ತಂಡ ಹಟ ಹಿಡಿದಾಗ ಅವರನ್ನೇ ಹೊರಗೆ ಕೂರಿಸಲಾಯಿತು. ಅದೇ ರೋಬ್ಸನ್ 1919ರಲ್ಲಿ ತಮ್ಮ ತರಗತಿಯ ಪರವಾಗಿ ಪದವಿ ಸಮಾರಂಭದ ಭಾಷಣ ಮಾಡಿದರು.